ಹೊಡೆದುಹಾಕಿದ ಅರ್ಧ ವಾಕ್ಯ

ಯುದ್ಧದ ದಿನಗಳಲ್ಲಿ ದೇಶದ ಅಧ್ಯಕ್ಷರು ಪತ್ರಕರ್ತರ ಮುಂದೆ ಬಂದು ನಿಂತಾಗ ಎಲ್ಲರೂ ಅವರ ಮುಖ ನೋಡುತ್ತಾರೆ. ನನಗೆ ಮುಖ ನೋಡಲು ಪುರುಸೊತ್ತಿರುತ್ತಿರಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು, ಟೈಪು ಮಾಡಿ, ಸಂಪಾದಕರ ಮೇಜಿಗೆ ಮುಟ್ಟಿಸುವುದು ಸ್ಯಾನ್ ಹೋಸೆಯ ಒಂದು ದಿನಪತ್ರಿಕೆಯಲ್ಲಿ ನನ್ನ ಕೆಲಸವಾಗಿತ್ತು. ಒಂಬತ್ತು ವರ್ಷ ಅದನ್ನು ಮಾಡಿದೆ. ಆಮೇಲೆ ಅದೇ ಪತ್ರಿಕೆಯ ಗ್ರಂಥಾಲಯದಲ್ಲಿದ್ದು ನಿವೃತ್ತನಾದೆ. ಈಗ ವರದಿಗಾರಿಕೆಗೆ ಬರುವ ಹುಡುಗ ಹುಡುಗಿಯರು ಫೋನು ಮುಂದೆ ಹಿಡಿದರೆ ಸಾಕು, ಮಾತು ತಾನಾಗಿ ಅಕ್ಷರವಾಗುತ್ತದೆ. ನನ್ನ ಕಸುಬು ಅವರಿಗೆ ಬೇಕಿಲ್ಲ. ಆ ಕಸುಬಿನಲ್ಲಿ ನಾನು ಮಾಡಿದ ಒಂದು ತಪ್ಪು ಮಾತ್ರ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನದವನು. ಡಿಗ್ರಿ ಮುಗಿಸಿ ಮೈಸೂರಿನಲ್ಲಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತೆ. ಸೀನಿಯರ್ ಪರೀಕ್ಷೆ ಪಾಸಾಗಿ ಒಂದು ಸರ್ಕಾರಿ ಕಚೇರಿಯಲ್ಲಿ ಮೇಲಧಿಕಾರಿಯ ಸ್ಟೆನೋ ಆದೆ. ಹನ್ನೊಂದು ವರ್ಷ ಬೇರೆಯವರ ಮಾತನ್ನು ಗೆರೆಗಳಲ್ಲಿ ಹಿಡಿದೆ. ನಮಗೆ ಕಲಿಸಿದ ಮೇಷ್ಟ್ರು ಕೈಬರಹಕ್ಕಿಂತ ಹೆಚ್ಚು ತಿದ್ದಿದ್ದು ನಡತೆಯನ್ನು. ಸಾಹೇಬರು ಡಿಕ್ಟೇಷನ್ ಕೊಡುವಾಗ ತಡವರಿಸಬಹುದು, ಶುರು ಮಾಡಿದ ವಾಕ್ಯ ಬಿಟ್ಟು ಇನ್ನೊಂದು ಹಿಡಿಯಬಹುದು. ಅವೆಲ್ಲ ಪತ್ರದಲ್ಲಿ ಕಾಣಿಸಬಾರದು. ಸಾಹೇಬರಿಗೂ ಗೊತ್ತಾಗದಂತೆ ಸಾಹೇಬರನ್ನು ತಿದ್ದುವವನು ಮೊದಲ ದರ್ಜೆ ಸ್ಟೆನೋ. ನಾನು ಮೊದಲ ದರ್ಜೆಯವನಾಗಿದ್ದೆ.

ನನ್ನ ಹೆಂಡತಿ ಸುಧಾಗೆ ಇಲ್ಲಿನ ಚಿಪ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅವಳ ಹಿಂದೆ ನಾನು ಬಂದೆ. ಗ್ರೀನ್ ಕಾರ್ಡ್ ಬರುವವರೆಗೆ ಎವರ್‌ಗ್ರೀನ್ ಬಡಾವಣೆಯ ಮನೆಯಲ್ಲಿ ಸಾರು ಕುದಿಸಿಕೊಂಡು, ಮಗಳನ್ನು ಡೇಕೇರಿಗೆ ಬಿಟ್ಟುಕೊಂಡು ಇದ್ದೆ. ಆಮೇಲೆ ಪತ್ರಿಕೆಯಲ್ಲಿ ಕಂಡ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಸುದ್ದಿ ಸಂಪಾದಕ ವಾಲ್ಟ್ ಒಂದು ಲೇಖನವನ್ನು ಬೇಕೆಂದೇ ಗಡಗಡ ಓದಿದರು. ಗೆರೆ ಹಾಕಿಕೊಂಡು, ಒಂದು ಪದ ಬಿಡದೆ ತಿರುಗಿ ಓದಿದೆ. ಅವರು ನನ್ನ ನೋಟ್‌ಬುಕ್ಕನ್ನು ತಲೆಕೆಳಗು ಮಾಡಿ ನೋಡಿದರು.

"ಇದನ್ನ ಈ ಕಟ್ಟಡದಲ್ಲಿ ಇನ್ಯಾರು ಓದಬಲ್ಲರು?"

"ಯಾರೂ ಇಲ್ಲ ಸರ್. ನಿಮ್ಮವರು ಕಲಿತಿರೋ ಶಾರ್ಟ್‌ಹ್ಯಾಂಡೇ ಬೇರೆ."

"ಹಾಗಾದ್ರೆ ನಿನ್ನ ಕೆಲಸಕ್ಕೆ ಯಾರೂ ಕೈ ಹಾಕಲ್ಲ," ಎಂದು ನಕ್ಕರು. ಇಬ್ಬರಿಗೂ ಅದು ಒಳ್ಳೆಯ ಸಂಗತಿಯಾಗಿ ಕಂಡಿತು.

ಆ ವರ್ಷಗಳಲ್ಲಿ ಪತ್ರಿಕೆಗೆ ಸುಗ್ಗಿ. ಊರಿನ ಪಕ್ಕದ ಕೊಲ್ಲಿಯ ಸುತ್ತ ದಿನಕ್ಕೊಂದು ಹೊಸ ಕಂಪನಿ ಬಾಗಿಲು ತೆರೆಯುತ್ತಿತ್ತು; ಕೆಲಸ ಖಾಲಿ ಇದೆ ಎಂಬ ಜಾಹೀರಾತುಗಳಿಂದ ಭಾನುವಾರದ ಸಂಚಿಕೆ ಎರಡು ಕೈಯಲ್ಲಿ ಎತ್ತುವಷ್ಟು ದಪ್ಪವಾಗುತ್ತಿತ್ತು. ಅದೇ ಕಂಪನಿಗಳು ನಮ್ಮ ವರದಿಗಾರರನ್ನೂ ಎಳೆದುಕೊಳ್ಳುತ್ತಿದ್ದವು. ಶುಕ್ರವಾರ ಬಂತೆಂದರೆ ಯಾರಿಗೋ ಬೀಳ್ಕೊಡುಗೆ, ಯಾವುದೋ ಮೇಜಿನ ಮೇಲೆ ಕೇಕು. ಕೆಳಗಿನ ಅಂತಸ್ತಿನಲ್ಲಿ ಮುದ್ರಣಯಂತ್ರ ಶುರುವಾದಾಗ ನನ್ನ ಮೇಜಿನ ಮೇಲಿದ್ದ ಪೆನ್ಸಿಲುಗಳು ಸಣ್ಣಗೆ ನಡುಗುತ್ತಿದ್ದವು. ಈಗಲೂ ಫ್ರೀವೇ ಪಕ್ಕ ಕಾರು ನಿಲ್ಲಿಸಿದಾಗ ದೊಡ್ಡ ಟ್ರಕ್ಕು ಹಾದುಹೋಗಿ ಸೀಟು ಅದುರಿದರೆ, ಆ ಹೊತ್ತು ಒಂದು ಕ್ಷಣ ಮರಳಿ ಬರುತ್ತದೆ.

ಹಾಗೆ ಬಿಟ್ಟು ಹೋಗದೆ ಉಳಿದವರು ರೂತ್. ಐವತ್ತೈದು ದಾಟಿದ ಹಿರಿಯ ವರದಿಗಾರ್ತಿ. ಪಕ್ಕದ ಊರು ಕ್ಯಾಂಪ್‌ಬೆಲ್‌ನಿಂದ ಹಳೆಯ ಕಾರಿನಲ್ಲಿ ಬರುತ್ತಿದ್ದರು. ನಾನು ಟೈಪು ಮಾಡಿದ ಹಾಳೆಯನ್ನು ಅವರು ಕಣ್ಣಲ್ಲಿ ಓದುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಕಣ್ಣು ಮುಚ್ಚಿ, "ಓದು ಶ್ರೀ," ಎನ್ನುತ್ತಿದ್ದರು. ನನ್ನ ಹೆಸರು ಶ್ರೀಕಂಠ. ಅವರ ನಾಲಿಗೆಗೆ ದಕ್ಕಿದ್ದು ಅಷ್ಟೇ. ನಾನು ಹಾಳೆಯಿಂದಲ್ಲ, ನೋಟ್‌ಬುಕ್ಕಿನಿಂದ ಓದಬೇಕು. ಮೊದಲು ಪ್ರಶ್ನೆ, ಯಾರದ್ದು, ಆಮೇಲೆ ಉತ್ತರ. ಬೇಕಾದ ಮಾತು ಬಂದಾಗ ಅವರ ಪೆನ್ಸಿಲು ಮೇಜಿಗೆ ಒಮ್ಮೆ ತಾಕುತ್ತಿತ್ತು. ನಾನು ಓದುವುದು, ಅವರು ಕೇಳುವುದು, ನಮ್ಮಿಬ್ಬರ ಸುತ್ತ ಇಡೀ ಕಚೇರಿಯ ಗದ್ದಲ. ನನ್ನ ಕೆಲಸದ ಜೀವನದಲ್ಲಿ ಅದಕ್ಕಿಂತ ಹಿತವಾದ ಹೊತ್ತು ಇನ್ನೊಂದಿರಲಿಲ್ಲ.

ನಾನು ಕಂಡ ಮೊದಲ ಯುದ್ಧ ಒಂದು ವಸಂತದಲ್ಲಿ ಶುರುವಾಯಿತು. ಯೂರೋಪಿನ ಒಂದು ಮೂಲೆಯ ಮೇಲೆ ವಿಮಾನಗಳಿಂದ ದಾಳಿ. ಮೊದಲ ವಾರದಲ್ಲೇ, ನಾನು ಟಿವಿ ಮುಂದೆ ಕೂತು ಬರೆದುಕೊಳ್ಳುತ್ತಿದ್ದ ಪತ್ರಿಕಾಗೋಷ್ಠಿಗಳ ಚಹರೆ ಬದಲಾದದ್ದು ನನ್ನ ಗೆರೆಗಳಲ್ಲೇ ಕಾಣುತ್ತಿತ್ತು. ಮೊದಲು ಪ್ರಶ್ನೆ ಚಿಕ್ಕದು, ಉತ್ತರ ಉದ್ದ. ಈಗ ಪ್ರಶ್ನೆ ಕೇಳುವವರು ಸೈನಿಕರಿಗೆ ಎರಡು ವಾಕ್ಯ ಶುಭ ಹಾರೈಸಿ ವಿಷಯಕ್ಕೆ ಬರುವರು. ಅಧ್ಯಕ್ಷರು ಎರಡು ವಾಕ್ಯ ಹೇಳಿ ಮುಂದಿನವರ ಹೆಸರು ಕರೆಯುವರು. ಒಬ್ಬರಿಗೊಬ್ಬರು ತುಂಬಾ ಮರ್ಯಾದೆ ಕೊಡುತ್ತಿದ್ದರು. ಹಳ್ಳಿಯಲ್ಲಿ ಎರಡು ಕಡೆಯ ಬೀಗರು ಮದುವೆಯ ದಿನ ಮಾತಾಡಿದ ಹಾಗೆ.

ರೂತ್ ಹೇಳಿದರು: "ಯುದ್ಧ ನಡೆಸೋ ಅಧ್ಯಕ್ಷರು ಸುಳ್ಳು ಹೇಳ್ತಾರೇನೋ ಅಂತ ಕಾಯ್ತಾ ಕೂರಬೇಡ. ಅವರು ಎಲ್ಲಿ ನಿಲ್ಲಿಸ್ತಾರೆ, ಅದನ್ನ ನೋಡು."

ಆ ಮಾತನ್ನೂ ನಾನು ಬರೆದುಕೊಂಡಿದ್ದೆ.

ಯುದ್ಧ ನಡೆಯುತ್ತಿದ್ದಾಗಲೇ ಅಧ್ಯಕ್ಷರು ಇಲ್ಲಿನ ಉದ್ಯಮಿಗಳ ಸಭೆಗೆಂದು ಬಂದರು. ಹಿಂತಿರುಗುವಾಗ ವಿಮಾನದ ಹತ್ತಿರ ಸ್ಥಳೀಯ ಪತ್ರಕರ್ತರಿಗೆ ಕೆಲವು ನಿಮಿಷ ಎಂದು ಗೊತ್ತಾಯಿತು. "ಎಂಜಿನ್ ಸದ್ದಲ್ಲಿ ಟೇಪು ಕೆಲಸಕ್ಕೆ ಬರಲ್ಲ. ನೀನು ಬಾ," ಎಂದು ರೂತ್ ಹೋಗುವವರ ಪಟ್ಟಿಗೆ ನನ್ನ ಹೆಸರನ್ನೂ ಕೊಟ್ಟರು. ಮೈಸೂರಿನ ಕಚೇರಿಗೆ ಹೋಗುತ್ತಿದ್ದ ಹಾಗೆ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ಹಾಕಿಕೊಂಡು ಹೋದೆ.

ಕ್ಯಾಮೆರಾದವರನ್ನು ದೂರದಲ್ಲಿ ಹಗ್ಗದ ಹಿಂದೆ ನಿಲ್ಲಿಸಿದ್ದರು. ನಾವು ಐದಾರು ಜನ ಮಾತ್ರ ಮುಂದೆ. ಅಧ್ಯಕ್ಷರು ನನ್ನಿಂದ ನಾಲ್ಕು ಹೆಜ್ಜೆ ದೂರ ಬಂದು ನಿಂತರು. ರೂತ್ ಕೂಗಿ ಕೇಳಿದರು: ಮೀಸಲು ಪಡೆಯಿಂದ ಕರೆಸಿಕೊಂಡವರ ಕುಟುಂಬಗಳು ಈ ಊರಲ್ಲಿವೆ, ಅವರು ಯಾವಾಗ ಮನೆಗೆ ಬರುತ್ತಾರೆ? ಬೆರ್ರಿಯೆಸಾ ಬಡಾವಣೆಯ ಹೆಂಗಸೊಬ್ಬರು ವಾರದಿಂದ ನಮ್ಮ ಕಚೇರಿಗೆ ಫೋನು ಮಾಡಿ ಕೇಳುತ್ತಿದ್ದ ಪ್ರಶ್ನೆಯೇ ಅದು. ಅವರ ಗಂಡ ಯುದ್ಧಕ್ಕೆ ಹೋಗಿದ್ದರು.

ಅಧ್ಯಕ್ಷರು, "ಅದು ಯಾವಾಗ ಅಂತ ನನಗೂ..." ಎಂದು ಶುರು ಮಾಡಿ ನಿಲ್ಲಿಸಿದರು. ಕೋಟಿನ ಗುಂಡಿ ಮುಟ್ಟಿಕೊಂಡರು. ಆಮೇಲೆ, ನಮ್ಮ ಸೈನಿಕರ ಬಗ್ಗೆ ದೇಶಕ್ಕೆ ಹೆಮ್ಮೆ ಇದೆ, ಕೆಲಸ ಮುಗಿದ ಮೇಲೆ ಅವರು ಬರುತ್ತಾರೆ, ಎಂದು ಹೇಳಿ ಮೆಟ್ಟಿಲು ಹತ್ತಿದರು.

ನನ್ನ ಕೈ ಆ ಅರ್ಧ ವಾಕ್ಯವನ್ನು ಬರೆದಿತ್ತು. ಅದೇ ಕೈ ಅದರ ಮೇಲೆ ಒಂದು ಅಡ್ಡಗೆರೆಯನ್ನೂ ಎಳೆಯಿತು. ಯೋಚನೆ ಮಾಡಿ ಎಳೆದದ್ದಲ್ಲ. ದೊಡ್ಡವರು ವಾಕ್ಯ ಬದಲಿಸಿದರು, ಬಿಟ್ಟ ವಾಕ್ಯ ಹೊಡೆಯಬೇಕು. ಹನ್ನೊಂದು ವರ್ಷದ ಅಭ್ಯಾಸ. ಕಚೇರಿಗೆ ಬಂದು ಟೈಪು ಮಾಡಿದೆ. ಹಾಳೆ ನೀಟಾಗಿತ್ತು.

ಅವತ್ತು ಓದಲು ಸಮಯವಿರಲಿಲ್ಲ. ವೆಬ್ ಆವೃತ್ತಿಯವರು ಆಗಲೇ ಸುದ್ದಿ ಕೊಡಿ ಎಂದು ತಲೆಯ ಮೇಲೆ ನಿಂತಿದ್ದರು. ರೂತ್ ನೇರವಾಗಿ ವರದಿ ಬರೆದರು. ಆ ಅರ್ಧ ವಾಕ್ಯವೇ ಅದರ ಮೊದಲ ಸಾಲು. ಪ್ರಶ್ನೆ ಕೇಳುವವರು ಅದೇ ಹೊತ್ತಿಗೆ ಬರೆದುಕೊಳ್ಳಲಾರರು, ಅವರಿಗೆ ನೆನಪೊಂದೇ ಆಧಾರ. ಅಧ್ಯಕ್ಷರ ಬಾಯಿಯ ಮಾತು ಎಂದು ಏನೇ ಅಚ್ಚಾಗಬೇಕಾದರೂ ಎರಡು ಆಧಾರ ಬೇಕು ಎಂಬುದು ವಾಲ್ಟ್ ಅವರ ನಿಯಮ. ಅವರು ರೂತ್ ವರದಿಯನ್ನೂ ನನ್ನ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬೇರೆ ಪತ್ರಿಕೆಯವರು ಸದ್ದಿನಲ್ಲಿ ಕೇಳಿಸಲಿಲ್ಲ ಎಂದರು. ವಾಲ್ಟ್ ಮೊದಲ ಸಾಲನ್ನು ತೆಗೆದುಹಾಕಿದರು.

ರೂತ್ ನನ್ನ ಮೇಜಿಗೆ ಬಂದರು. "ನೀನು ನನ್ನ ಮಗ್ಗುಲಲ್ಲೇ ಇದ್ದೆಯಲ್ಲ. ಕೇಳಿಸಿಕೊಂಡೆ ತಾನೆ?"

ಆ ಕ್ಷಣಕ್ಕೆ ನನಗೆ ಎಲ್ಲವೂ ಅರ್ಥವಾಯಿತು. ಆದರೂ ನಾನು ಹೇಳಿದ್ದು, "ನನ್ನ ಹಾಳೆಯಲ್ಲಿ ಇರೋದು ಅಷ್ಟೇ."

ಗೆರೆ ಹೊಡೆದದ್ದು ಅಭ್ಯಾಸ. ಈ ಮಾತು ಅಭ್ಯಾಸವಲ್ಲ, ಹೆದರಿಕೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವವನು ಎಂಬುದನ್ನು ಬಿಟ್ಟರೆ ಆ ಕಚೇರಿಯಲ್ಲಿ ನಾನು ಏನೂ ಅಲ್ಲವಾಗಿದ್ದೆ.

ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ವಾಲ್ಟ್ ರೂತ್‌ರನ್ನು ಕರೆದು, ಯುದ್ಧದ ಸುದ್ದಿಯಿಂದ ಸ್ವಲ್ಪ ದಿನ ದೂರ ಇರಿ ಎಂದರು. ನೀವು ಕೇಳಿಸಿಕೊಳ್ಳಬೇಕು ಅಂದುಕೊಂಡಿದ್ದೇ ನಿಮಗೆ ಕೇಳಿಸುತ್ತಿದೆ ಎಂದರಂತೆ. ಮೂವತ್ತು ವರ್ಷ ದುಡಿದ ವರದಿಗಾರ್ತಿಗೆ ಅದಕ್ಕಿಂತ ದೊಡ್ಡ ಏಟಿಲ್ಲ. ರೂತ್ ತಮ್ಮ ಮೇಜಿನ ಕಾಗದಗಳನ್ನು ಜೋಡಿಸುತ್ತಿದ್ದುದನ್ನು ನೋಡಿಕೊಂಡೇ ಮನೆಗೆ ಹೋದೆ.

ಊಟಕ್ಕೆ ಕೂತಾಗ ಸುಧಾಗೆ ಹೇಳಿದೆ. ಅವಳು ತಟ್ಟೆಗೆ ಅನ್ನ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮ್ಮ ನೋಟ್‌ಬುಕ್ಕು ಇಲ್ಲಿ ಯಾರಿಗೂ ಓದಕ್ಕೆ ಬರಲ್ಲ ಅನ್ನೋ ಧೈರ್ಯಾನಾ ನಿಮಗೆ?"

"ಹಂಗಲ್ಲ ಕಣೆ. ಕೆಲಸ ಹೋದ್ರೆ?"

"ಹೋಗ್ಲಿ. ಒಂದೂವರೆ ವರ್ಷ ಮನೇಲಿ ಸಾರು ಮಾಡಿಲ್ವಾ? ಚೆನ್ನಾಗೇ ಮಾಡ್ತಿದ್ರಿ. ಆದ್ರೆ ಆಯಮ್ಮ ಮೂವತ್ತು ವರ್ಷ ದುಡಿದಿದ್ದು ಹೋಗ್ತಿದೆಯಲ್ರೀ."

ಮರುದಿನ ಬೆಳಿಗ್ಗೆ ರೂತ್ ಮುಂದೆ ನೋಟ್‌ಬುಕ್ಕು ತೆರೆದಿಟ್ಟೆ. ಅಡ್ಡಗೆರೆ ತೋರಿಸಿದೆ. ಅವರು ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು.

"ಆವತ್ತು ಸಂಜೆ ನಾನು ಕೇಳಿದಾಗ ಇದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೊಡೆದಿದ್ದು ನನಗೆ ಅರ್ಥ ಆಗತ್ತೆ ಶ್ರೀ. ಆವತ್ತು ಮುಚ್ಚಿಟ್ಟಿದ್ದು ಅರ್ಥ ಆಗಲ್ಲ," ಎಂದರು. ನನ್ನನ್ನು ವಾಲ್ಟ್ ಹತ್ತಿರ ಕರೆದುಕೊಂಡು ಹೋದರು.

ವಾಲ್ಟ್ ಕೂಗಾಡಲಿಲ್ಲ. "ರೂತ್ ಮೇಲೆ ಕನಿಕರ ಬಂದು ನೀನು ಇದನ್ನ ಈಗ ಹುಟ್ಟಿಸ್ತಿಲ್ಲ ಅಂತ ನಾನು ಹೇಗೆ ನಂಬಲಿ? ಇಲ್ಲಿ ಕಾಣಿಸ್ತಿರೋದು ಇರುವೆ ಹರಿದ ಹಾಗೆ ಗೆರೆ. ಓದೋ ಇನ್ನೊಬ್ಬರನ್ನ ಕರೆದುಕೊಂಡು ಬಾ. ನೀನು ಏನೂ ಹೇಳಿಕೊಟ್ಟಿರಬಾರದು."

ಇನ್ನೊಬ್ಬರು ಎಂದರೆ ಎಲ್ಲಿಂದ? ಆಗ ನೆನಪಾದವರು ನಂಜುಂಡಯ್ಯನವರು. ಬೆಂಗಳೂರಿನ ಸರ್ಕಾರಿ ಕಚೇರಿಗಳಲ್ಲಿ ಮೂವತ್ತೆಂಟು ವರ್ಷ ಸ್ಟೆನೋ ಆಗಿದ್ದವರು. ಬೆರ್ರಿಯೆಸಾದಲ್ಲಿದ್ದ ಮಗಳ ಮನೆಗೆ ಆರು ತಿಂಗಳಿಗೆಂದು ಬಂದು, ಹೋದ ಬಂದವರಿಗೆಲ್ಲ ಇಲ್ಲಿ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ ಎಂದು ದೂರುತ್ತಿದ್ದರು. ಫೋನು ಮಾಡಿದ ಕೂಡಲೇ, "ಎಷ್ಟು ಹೊತ್ತಿಗೆ ರೆಡಿ ಇರಲಿ?" ಎಂದರು. ಮೇ ತಿಂಗಳ ಬಿಸಿಲಿನಲ್ಲಿ ಕೋಟು, ಮಫ್ಲರ್ ಹಾಕಿಕೊಂಡು ಕಾರು ಹತ್ತಿದರು.

"ಏನಯ್ಯಾ ವಿಷಯ?"

"ಹೇಳೋ ಹಾಗಿಲ್ಲ ಸಾರ್. ನೀವು ಓದಿದ್ರೆ ಸಾಕು."

"ಸೀಲ್ಡ್ ಕವರೋ! ಸರಿ, ಸರಿ," ಎಂದು ಖುಷಿಯಾಗಿ ಕಿಟಕಿಯ ಹೊರಗೆ ನೋಡುತ್ತ ಕೂತರು.

ವಾಲ್ಟ್, ರೂತ್, ನಾನು ಸುತ್ತ ನಿಂತಿದ್ದೆವು. ನಂಜುಂಡಯ್ಯನವರು ಕನ್ನಡಕ ಒರೆಸಿಕೊಂಡು ಒಂದು ಪುಟ ನಿರರ್ಗಳವಾಗಿ ಇಂಗ್ಲಿಷಿನಲ್ಲಿ ಓದಿದರು. ರೂತ್ ಕೇಳಿದ ಪ್ರಶ್ನೆ ಬಂತು. ಅದರ ಕೆಳಗಿನ ಅಡ್ಡಗೆರೆಯನ್ನು ದಾಟಿ ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟರು.

"ಸಾರ್, ಹೊಡೆದಿರೋದನ್ನೂ ಓದಬೇಕು," ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹೊಡೆದಿದ್ದನ್ನ ಓದಬಾರದಪ್ಪ. ಅಷ್ಟೂ ಗೊತ್ತಿಲ್ವಾ ನಿನಗೆ?"

"ಇವತ್ತು ಓದಬೇಕು ಸಾರ್."

ಒಲ್ಲದ ಮನಸ್ಸಿನಿಂದ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ನಾನು ಹೇಳಿದ ಮಾತೇ, ಅಷ್ಟೇ, ಅಲ್ಲಿಗೇ ನಿಂತಿತು. ರೂತ್ ಕಣ್ಣು ಮುಚ್ಚಿ ಕೇಳುತ್ತಿದ್ದರು.

ನಂಜುಂಡಯ್ಯನವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಸರಿಯಾಗೇ ಹೊಡೆದಿದ್ದೀಯಲ್ಲಯ್ಯಾ. ಕ್ಲೀನ್ ಕೆಲಸ. ಸಾಹೇಬ್ರು ತಡವರಿಸಿದ್ದನ್ನ ಊರಿಗೆಲ್ಲ ಸಾರೋಕೆ ನಾವೇನು ಅವರ ಶತ್ರುಗಳಾ? ಇವರ‍್ಯಾಕೆ ಮುಖ ಊದಿಸಿಕೊಂಡಿದ್ದಾರೆ?"

"ಏನಂತಾರೆ?" ಎಂದು ವಾಲ್ಟ್ ಕೇಳಿದರು.

"ನಾನು ಮಾಡಿದ್ದೇ ಸರಿ ಅಂತಿದ್ದಾರೆ."

"ಇವರಿಗೆ ಇಲ್ಲಿ ಯಾವತ್ತೂ ಕೆಲಸ ಕೊಡಬಾರದು ಅಂತ ನನಗೆ ನೆನಪಿಸು," ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ವಾಲ್ಟ್ ಹಿರಿಯರ ಕೈ ಕುಲುಕಿದರು. ನಂಜುಂಡಯ್ಯನವರಿಗೆ ಅದು ಹೊಗಳಿಕೆ ಎಂದೇ ಅನಿಸಿತು. ಕಾರಿನಲ್ಲಿ ದಾರಿಯುದ್ದಕ್ಕೂ, "ದೊಡ್ಡ ಮನುಷ್ಯ ಕಣಯ್ಯ, ತಾನೇ ಮುಂದೆ ಬಂದು ಕೈ ಕೊಟ್ಟ," ಎನ್ನುತ್ತಿದ್ದರು. ನಾನು ಅವರನ್ನು ತಿದ್ದಲಿಲ್ಲ. ಅವರು ಹೇಳಿದ್ದು ಅವರ ಕೆಲಸದ ಮಟ್ಟಿಗೆ ಸರಿಯೇ. ಪತ್ರ ಬರೆಸುವವರ ಪರವಾಗಿ ಸ್ಟೆನೋ ಕೂರುತ್ತಾನೆ. ನಾನು ಕೂತಿದ್ದು ಪ್ರಶ್ನೆ ಕೇಳಿದವರ ಪರವಾಗಿ, ಬೆರ್ರಿಯೆಸಾದ ಆ ಹೆಂಗಸಿನ ಪರವಾಗಿ. ಕುರ್ಚಿ ಬದಲಾದದ್ದು ನನ್ನ ಕೈಗೆ ತಿಳಿದಿರಲಿಲ್ಲ.

ಬಿಟ್ಟುಹೋಗಿದ್ದ ಆ ಅರ್ಧ ವಾಕ್ಯವೂ ಸೇರಿ ಎರಡನೆಯ ಪುಟದಲ್ಲಿ ತಿದ್ದುಪಡಿ ಅಚ್ಚಾಯಿತು. ತಪ್ಪು ವರದಿಗಾರರದ್ದಲ್ಲ, ಮಾತು ದಾಖಲಿಸಿದವರದ್ದು ಎಂದು ಸ್ಪಷ್ಟವಾಗಿ ಇರಲಿ ಎಂದು ನಾನೇ ಕೇಳಿಕೊಂಡೆ. ರೂತ್ ಯುದ್ಧದ ಸುದ್ದಿಗೆ ಮರಳಿದರು. ನನ್ನ ಕೆಲಸ ಹೋಗಲಿಲ್ಲ. ಬೆರ್ರಿಯೆಸಾದ ಹೆಂಗಸು ಫೋನು ಮಾಡಿ, ಅಧ್ಯಕ್ಷರಿಗೂ ಗೊತ್ತಿಲ್ಲ ಅಂತ ತಿಳಿದದ್ದೇ ಒಂಥರಾ ಸಮಾಧಾನ ಎಂದರು. ಆಕೆಯ ಗಂಡ ಬೇಸಿಗೆ ಕಳೆಯುವುದರೊಳಗೆ ಮನೆಗೆ ಬಂದರು.

ಆದರೆ ರೂತ್ ನನ್ನ ಪಕ್ಕ ಬಂದು ಕೂರುವುದನ್ನು ನಿಲ್ಲಿಸಿದರು. ಚಿಕ್ಕದೊಂದು ಟೇಪ್ ರೆಕಾರ್ಡರ್ ಕೊಂಡರು. ಸಿಡುಕಿಲ್ಲ, ಜಗಳವಿಲ್ಲ. ಬೆಳಿಗ್ಗೆ ನಮಸ್ಕಾರ ಹೇಳುವರು, ಮಗಳ ಶಾಲೆಯ ಬಗ್ಗೆ ಕೇಳುವರು. ನನ್ನ ಹಾಳೆಯನ್ನು ಎಲ್ಲರಂತೆ ತೆಗೆದುಕೊಂಡು ಹೋಗಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ತಾವೇ ತಾಳೆ ನೋಡುವರು. ಹೀಗೆ ಎರಡು ವರ್ಷಕ್ಕೂ ಮಿಕ್ಕಿ ಸಾಗಿತು. ಅವರ ಕುರ್ಚಿಯ ಗಾಲಿ ಸದ್ದು ಮಾಡಿದಾಗಲೆಲ್ಲ ನನ್ನ ಕಡೆ ಬರುತ್ತಿದೆಯೇನೋ ಎಂದು ತಲೆ ಎತ್ತುತ್ತಿದ್ದೆ. ಮೇಲಿನವರು ಬೈದರೆ ಮರೆಯಬಹುದು. ನಂಬಿದವರು ಸೌಜನ್ಯದಿಂದ ದೂರ ಕೂತರೆ ಅದು ದಿನವೂ ನೆನಪಿರುತ್ತದೆ.

ಆ ಎರಡು ವರ್ಷದಲ್ಲಿ ನಾನು ಬರೆಯುವ ಕ್ರಮ ಬದಲಿಸಿಕೊಂಡೆ. ಕೆಮ್ಮಿದರೆ ಕೆಮ್ಮು, ನಿಲ್ಲಿಸಿದರೆ ನಿಲುಗಡೆ, ಕೇಳಿಸದಿದ್ದರೆ ಖಾಲಿ ಜಾಗ. ಬೇರೆಯವರಿಗೆ ನನ್ನ ಹಾಳೆಗಳು ಓದಲು ಕಷ್ಟವೆನಿಸಿದವು. "ಅಧ್ಯಕ್ಷರ ಮಾತೋ, ಅವರ ಎಕ್ಸ್‌ರೇಯೋ?" ಎಂದು ವೆಬ್‌ನ ಹುಡುಗನೊಬ್ಬ ರೇಗಿಸಿದ.

ಅಷ್ಟರಲ್ಲಿ ಸುಗ್ಗಿ ಮುಗಿದಿತ್ತು. ಹೊಸ ಕಂಪನಿಗಳು ಬಾಗಿಲು ಹಾಕಿದವು, ಕೆಲಸದ ಜಾಹೀರಾತುಗಳು ನಿಂತವು, ಭಾನುವಾರದ ಸಂಚಿಕೆ ಒಂದು ಕೈಗೆ ಹಗುರವಾಯಿತು. ಆ ಶರತ್ಕಾಲದಲ್ಲಿ ಇನ್ನೊಂದು ಯುದ್ಧ ಶುರುವಾಯಿತು, ಅಧ್ಯಕ್ಷರೂ ಬೇರೆ. ಹಿರಿಯರು ತಾವಾಗಿ ಕೆಲಸ ಬಿಡುವುದಾದರೆ ಬಿಡಬಹುದು ಎಂದು ಪತ್ರಿಕೆಯವರು ಹೇಳಿದಾಗ ರೂತ್ ಸಹಿ ಹಾಕಿದರು. ತಿಂಗಳ ಕೊನೆಗೆ ಹೊರಡುವವರಿದ್ದರು.

ಅದೇ ವಾರ ಟಿವಿಯಲ್ಲಿ ಪತ್ರಿಕಾಗೋಷ್ಠಿ. ಇಡೀ ಕಚೇರಿ ನಿಂತು ನೋಡುತ್ತಿತ್ತು. ಒಂದು ಉತ್ತರದ ಕೊನೆಯಲ್ಲಿ ನಾಲ್ಕಾರು ಪತ್ರಕರ್ತರು ಒಟ್ಟಿಗೆ ಕೈ ಎತ್ತಿ ಕೂಗಿದ್ದರಿಂದ ಅಧ್ಯಕ್ಷರ ಕೊನೆಯ ಕೆಲವು ಪದಗಳು ಮುಳುಗಿಹೋದವು. ಆ ವಾಕ್ಯ ಹೇಗೆ ಮುಗಿದಿರಬಹುದೆಂದು ನೋಡುತ್ತಿದ್ದ ಯಾರು ಬೇಕಾದರೂ ಊಹಿಸಬಹುದಿತ್ತು. ಅರ್ಧ ಗಂಟೆಯೊಳಗೆ ವೆಬ್‌ನಲ್ಲಿ ಅದು ಪೂರ್ತಿಯಾಗಿ ಓಡಾಡತೊಡಗಿತು, ಎರಡು ಬೇರೆ ಬೇರೆ ರೂಪದಲ್ಲಿ.

ವಾಲ್ಟ್ ನನ್ನ ಹಾಳೆ ಹಿಡಿದು ಬಂದರು. "ಇಲ್ಲಿ ಏನೂ ಇಲ್ಲ?"

"ಕೇಳಿಸಲಿಲ್ಲ."

"ಎಲ್ಲರೂ ತುಂಬಿದ್ದಾರಲ್ಲ."

"ನನಗೆ ಕೇಳಿಸಲಿಲ್ಲ."

ಅವರು ನಿಟ್ಟುಸಿರು ಬಿಟ್ಟು ಹೋದರು. ಸ್ವಲ್ಪ ಹೊತ್ತಿನ ಮೇಲೆ ಗಾಲಿಯ ಸದ್ದಾಯಿತು. ರೂತ್ ಕುರ್ಚಿಯನ್ನು ನನ್ನ ಮೇಜಿನವರೆಗೂ ತಳ್ಳಿಕೊಂಡು ಬಂದು ಕೂತರು.

"ಆ ಉತ್ತರ ಓದು ಶ್ರೀ."

ನೋಟ್‌ಬುಕ್ಕು ತೆರೆದು ಓದಿದೆ. ಪ್ರಶ್ನೆ, ಕೇಳಿದವರು, ಉತ್ತರ. ಖಾಲಿ ಜಾಗ ಬಂದಾಗ ನಿಲ್ಲಿಸಿದೆ.

"ಆಮೇಲೆ?"

"ಆಮೇಲೆ ಇಲ್ಲ. ನಾಲ್ಕೋ ಐದೋ ಪದ ಇರಬಹುದು."

"ಏನು ಹೇಳಿರಬಹುದು ಅಂತ ನಿನಗೆ ಗೊತ್ತಿದೆ."

"ಅನ್ನಿಸುತ್ತೆ. ಗೊತ್ತಿಲ್ಲ."

ರೂತ್, "ನನ್ನ ಟೇಪಲ್ಲೂ ಇಲ್ಲ. ಹತ್ತು ಸಲ ಹಾಕಿ ಕೇಳಿದೆ," ಎಂದು ಹೇಳಿ, ತಮ್ಮ ವರದಿಯಲ್ಲಿ ಉತ್ತರದ ಕೊನೆ ಕೇಳಿಸಲಿಲ್ಲ ಎಂದೇ ಬರೆದರು. ಬರೆದು ಮುಗಿಸಿ ಎದ್ದು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಕಣ್ಣು ಮುಚ್ಚಿ, "ಉಳಿದದ್ದನ್ನೂ ಓದು, ಮೊದಲಿಂದ," ಎಂದರು.

ಅವರು ಬಿಡಲು ಇನ್ನು ಹನ್ನೊಂದು ಕೆಲಸದ ದಿನ ಇದ್ದವು. ಹನ್ನೊಂದು ದಿನವೂ ಬಂದು ಕೂತರು.